ಅಲಿಗಾಝ್ ಎಂ. ಮತ್ತು ಇತರರು

ಬಡ್ತಿಯ ಅರ್ಜಿ, ಏಳನೇ ಪುಟ.
ಪ್ರಕಟಿತ ಲೇಖನಗಳು: ಸಂಖ್ಯೆ. ಉಲ್ಲೇಖಗಳು: ಒಟ್ಟು.
ಬಹಿರ್ ದಾರ್‌ನಲ್ಲಿ ಕರೆಂಟು ಹೋಗಿ, ಬಂದು, ಹೋಗಿ
ಈಗ ಬಂದಿದೆ. ಬೇಗ ಬೇಗ ಎಣಿಸುತ್ತೇನೆ.
ಮೂವತ್ತೊಂದು ಲೇಖನ. ಸಾವಿರದ ಇನ್ನೂರ ಆರು ಉಲ್ಲೇಖ.
ನಾನೂರ ಹನ್ನೆರಡು ಒಂದಕ್ಕೇ ಬಂದವು,
ನೀರು ಮನೆಯಿಂದ ಎಷ್ಟು ದೂರ ಎಂಬುದಕ್ಕೆ.
ಅದು ನನ್ನ ಒಳ್ಳೆಯ ಲೇಖನವಲ್ಲ,
ಕೋಷ್ಟಕ ಚೊಕ್ಕವಾಗಿದೆ, ಎತ್ತಿಕೊಳ್ಳಲು ಸುಲಭ.

ಎಲ್ಲ ಕಡೆ ಅಲಿಗಾಝ್.
ಅಲಿಗಾಝ್ ಮತ್ತು ಇತರರು ತೋರಿಸಿದಂತೆ.
ಅಲಿಗಾಝ್ ಇದನ್ನು ಒಪ್ಪುವುದಿಲ್ಲ.
ಅಲಿಗಾಝ್ ಅಂದಾಜು ತುಸು ಹೆಚ್ಚಾಯಿತೆಂದು ನಮ್ಮ ಅನಿಸಿಕೆ.
ನಮ್ಮಲ್ಲಿ ಮನೆತನದ ಹೆಸರಿಲ್ಲ ಸ್ವಾಮಿ,
ನಮ್ಮ ಹೆಸರಿನ ಬೆನ್ನಿಗೆ ಅಪ್ಪ ನಿಂತಿರುತ್ತಾನೆ, ಅಷ್ಟೇ
ಎಂದು ಸಂಪಾದಕರಿಗೆ ಬರೆದು ಬರೆದು ಸಾಕಾಯಿತು.
ಮಂತೆಗ್‌ಬೊಶ್ ಎಂಬ ನಾನು ಒಂದಕ್ಷರವಾದೆ, ಪಕ್ಕಕ್ಕೊಂದು ಚುಕ್ಕೆ.
ಅಪ್ಪ ಪೂರ್ತಿ ಉಳಿದ.

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ.
ದೆಬ್ರೆ ತಾಬೋರ್‌ಗೂ ಮೇಲೆ, ಗಾಳಿಗುಡ್ಡದಲ್ಲಿ, ಬಾರ್ಲಿ, ಒಂದಿಷ್ಟು ಬಟಾಣಿ.
ನೀರಿಗೆ ಒಂದೂವರೆ ಗಂಟೆ ದಾರಿ;
ಹೊತ್ತು ತಂದ ನೀರಲ್ಲಿ ಮುಖ ತೊಳೆಯುವುದು
ದುಂದು, ಅನ್ನುತ್ತಿದ್ದಳು ಅಜ್ಜಿ.
ಅವನ ಕೊರಳಲ್ಲಿ, ಶಿಲುಬೆಯ ದಾರಕ್ಕೇ,
ಕಮ್ಮಾರ ಬಡಿದುಕೊಟ್ಟ ಚಿಮಟ.
ರೆಪ್ಪೆ ಕಣ್ಣನ್ನು ಕಾಯುತ್ತದೆ ಅನ್ನುತ್ತಾರೆ.
ಅಪ್ಪನ ರೆಪ್ಪೆಗೂದಲು ಒಳಕ್ಕೆ ಹೊರಳಿ
ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು
ಮಿಟುಕಿಸಿದಾಗಲೆಲ್ಲ.

ಭಾನುವಾರ ಇಗರ್ಜಿಯಿಂದ ಬಂದು
ಬಾಗಿಲ ಬೆಳಕಿಗೆ ಮುಖವೊಡ್ಡಿ ಕೂರುತ್ತಿದ್ದ.
ಮಂತೆಗ್, ನಿನ್ನ ಕಣ್ಣು ಚೂಪು, ಕೀಳು.
ನನಗೆ ಒಂಬತ್ತು ವರ್ಷ. ಕಿತ್ತು ಕಿತ್ತು
ಅವನ ಬಿಳಿ ಹೊದಿಕೆಯ ಮೇಲೆ ಸಾಲಾಗಿ ಇಡುತ್ತಿದ್ದೆ.
ಎಷ್ಟಾಯಿತು?
ಆರು.
ಇನ್ನೂ ಒಂದಿದೆ, ನೋಡು, ಅದು ಸುಳ್ಳು ಹೇಳುವುದಿಲ್ಲ.
ಅದೇ ನನ್ನ ಮೊದಲ ಲೆಕ್ಕ. ಎಲ್ಲೂ ಅಚ್ಚಾಗಿಲ್ಲ.

ಅಚ್ಚಾದದ್ದು ಚಿಮಟದ ಮೇಲೆ ಬರೆದದ್ದು, ಎಷ್ಟೋ ವರ್ಷದ ಮೇಲೆ:
ನೂರ ಎಂಬತ್ತು ಮಂದಿ, ಎರಡು ವರ್ಷ,
ಮತ್ತೆ ಸಿಗದವರು ಹನ್ನೊಂದು.
ಆ ಹನ್ನೊಂದರ ಮನೆಮನೆಗೆ ಹೇಸರಗತ್ತೆ ಹೊಡೆದುಕೊಂಡು ಹೋದವನು
ಡ್ರೈವರ್ ಬಿಯಾದ್‌ಗ್ಲಿನ್. ಜೀಪು ಹತ್ತದ ದಾರಿ.
'ಇತರರು' ಎಂಬಲ್ಲೂ ಅವನಿಲ್ಲ.
ಉಲ್ಲೇಖ ಈವರೆಗೆ ಮೂರು. ಎರಡು ನನ್ನವೇ,
ಇನ್ನೊಂದರಲ್ಲಿ ಹೆಸರು ತಪ್ಪು.

ಪ್ರತಿ ಹಿಡಿದು ಊರಿಗೆ ಹೋದೆ.
ಅಪ್ಪನಿಗೆ ಆಗ ಬೆಳಕು ಕತ್ತಲೆ ಬಿಟ್ಟು ಬೇರೇನೂ ಇಲ್ಲ.
ಕಾಗದ ಸವರಿ ಕೇಳಿದ: ಹೆಸರು ಓದು.
ಅಲಿಗಾಝ್ ಎಂ.
ಎಂ ಯಾರು?
ನಾನು.
ತುಂಬಾ ಹೊತ್ತು ನಕ್ಕ, ಕೆಮ್ಮು ಬರುವಷ್ಟು.
ಆಮೇಲೆ, ಸಾಕ್ಷಿಗೆ ಕರೆಸಿಕೊಂಡವನ ದನಿಯಲ್ಲಿ:
ಇಲ್ಲಿ ನಾನು ಏನು ಹೇಳಿದ್ದೇನೆ?
ಚಿಮಟ ಸಾಲದು, ಬೇಗ ಆಪರೇಷನ್ ಆಗಬೇಕು, ಅಂದಿದ್ದೀಯ.
ಕೊರಳು ಮುಟ್ಟಿಕೊಂಡ. ದಾರ ಇತ್ತು.
ಇಷ್ಟು ಹೇಳೋಕೆ ಇಷ್ಟು ಕಾಗದವೇ?

ಊರ ಲೆಕ್ಕದಲ್ಲಿ ಅವನು ಹೋದದ್ದು ೨೦೦೧.
ಪತ್ರಿಕೆಯ ಲೆಕ್ಕದಲ್ಲಿ ಲೇಖನ ಬಂದದ್ದು ೨೦೦೯.
ಎರಡೂ ಒಂದೇ ವರ್ಷ.
ಅರ್ಜಿಯಲ್ಲಿ ಒಂದಕ್ಕೆ ಮಾತ್ರ ಕಾಲಮ್ಮು.

ಮುಂದಿನ ಪ್ರಶ್ನೆ: ಲೇಖಕರಲ್ಲಿ ನಿಮ್ಮ ಸ್ಥಾನ?
ಮೊದಲನೆಯವಳು ಎಂದು ಬರೆಯಬೇಕು.
ಪೆನ್ನು ಎತ್ತಿ, ಬಿಟ್ಟು, ಕಂಪ್ಯೂಟರಿನ ಕಡೆ ನೋಡುತ್ತೇನೆ.
ಸಂಜೆಯಿಂದೀಚೆಗೆ ಹೊಸದೊಂದು ಬಂದಿದೆ,
ಪೆಸಿಫಿಕ್ಕಿನ ಯಾವುದೋ ದ್ವೀಪದ್ದು, ಯಾರೋ ಹುಡುಗಿಯ ಪ್ರಬಂಧ.
ಚಿಮಟದ ಲೇಖನವೇ. ಹೆಸರು ಸರಿ ಇದೆ.
'ಅಲಿಗಾಝ್ ಕಂಡಿರುವಂತೆ' ಎಂದು
ಶುರುವಾಗುತ್ತದೆ ವಾಕ್ಯ.

ಆರನ್ನು ಹೊಡೆದು ಏಳು ಮಾಡುತ್ತೇನೆ.
ಶಾಯಿ ಸ್ವಲ್ಪ ಹರಡಿತು.