ತೂತಿನ ಸುಂಕ

ಬಿಲ್ಲು ಮುದ್ರಿಸಿ ಕೊಡು ಅಂದ ಅಪ್ಪ.
ಪರದೆಯ ಮೇಲಿದ್ದರೆ ಅವನಿಗದು ಬಿಲ್ಲಲ್ಲ,
ಮಡಚಿ ಅಂಗಿಯ ಕಿಸೆಯಲ್ಲಿಡಲು ಬರಬೇಕು.

ಕೊಟ್ಟೆ. ಕನ್ನಡಕ ಏರಿಸಿ ಓದಿದ:
ಮಿಂಚುಳ್ಳಿ, ಒಂದು. ಕಸೂತಿಯ ಫೈಲು.
ಹೊಲಿಗೆ ಹದಿನಾಲ್ಕು ಸಾವಿರ, ಬಣ್ಣ ಏಳು.
ಮಾರಿದವಳು ಲಿಸ್ಬನ್ನಿನ ಯಾರೋ ಇನೆಸ್.
ಬೆಲೆ ಮುನ್ನೂರು. ಅದರ ಕೆಳಗೆ ಸಣ್ಣಕ್ಷರದಲ್ಲಿ
ನೂರಕ್ಕೆ ಹದಿನೆಂಟರಂತೆ ಐವತ್ತನಾಲ್ಕು.

"ಯಾವ ನಾಕಾದಾಗ ತಗೊಂಡ್ರು?"

ಮೂವತ್ತೊಂದು ವರ್ಷ ಮುಲುಂಡಿನ ಜಕಾತಿ ನಾಕಾದಲ್ಲಿ ಕೂತವನು.
ಲಾರಿಯ ತಾಡಪತ್ರಿ ಎತ್ತಿಸಿ, ಹುಲ್ಲಿನೊಳಗೆ ಸಲಾಕೆ ಚುಚ್ಚಿ,
ಹಾಪೂಸಿನ ಪೆಟ್ಟಿಗೆಯಡಿ ಅವಿತ ಸ್ಟೀಲಿನ ಲೋಟಗಳನ್ನು
ಸದ್ದಿನಲ್ಲೇ ಗುರುತಿಸಿದವನು.
ಸುಂಕದವನ ಮುಂದೆ ಸುಖದುಃಖದ ಗಾದೆಯನ್ನು
ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ;
ಅವ್ವ ಮಾತ್ರ, ಸಿಟ್ಟು ಬಂದಾಗ, ಒಗ್ಗರಣೆಯ ಬಟ್ಟಲಿಗೆ ಹೇಳುತ್ತಿದ್ದಳು.
ಹದಿನೇಳರ ಜೂನಿನ ಕೊನೆಯ ರಾತ್ರಿ ನಾಕಾ ಎತ್ತಿದಾಗ
ರಿಟೈರಾಗಿದ್ದ ಅಪ್ಪ ಚಪ್ಪಲಿ ಮೆಟ್ಟಿ ನೋಡಲು ಹೋದ.
ಲಾರಿಗಳು ನಿಲ್ಲದೆ ಹೋದವು.
ಒಬ್ಬ ಮುದಿ ಡ್ರೈವರು ಮಾತ್ರ ರೂಢಿಗೆ ಬ್ರೇಕು ಹಾಕಿ
ಹಿಂದಿನವರಿಂದ ಬೈಸಿಕೊಂಡ.

"ನಾಕಾ ಇಲ್ಲಪ್ಪ. ಸಮುದ್ರದಡಿಯ ತಂತಿಯಲ್ಲಿ ಬಂತು.
ವರ್ಸೋವಾದ ಹತ್ತಿರ ಎಲ್ಲೋ ದಡ ಹತ್ತುತ್ತದಂತೆ."
"ಅಲ್ಲಿ ಯಾರು ಕುಂತಾರ?"
"ಯಾರೂ ಇಲ್ಲ. ಮಾರಿದವರೇ ಹಿಡಿದು
ನಮ್ಮ ಸರಕಾರಕ್ಕೆ ಕಟ್ಟುತ್ತಾರೆ."
ಅಪ್ಪ ನಕ್ಕ. ತಾಡಪತ್ರಿ ಎತ್ತಿಸಿದವನ ನಗು.
"ಕಟ್ಟತಾರ?"

ನನಗೇನು ಗೊತ್ತು, ಐವತ್ತನಾಲ್ಕು ಕೊಟ್ಟವಳು ಅಷ್ಟೇ.
ಜಿಎಸ್‌ಟಿ ನಂಬರಿದ್ದರೆ ಬರೆಯಿರಿ ಎಂಬ ಚೌಕದಲ್ಲಿ
ಒಂದೇ ಮಷೀನಿನ ಅಂಗಡಿ ಬರೆಯುವುದೇನು?
ಖಾಲಿ ಬಿಟ್ಟೆ. ಖಾಲಿ ಬಿಟ್ಟದ್ದಕ್ಕೇ ಹದಿನೆಂಟು.
ರಂಜನಬೆನ್ ಛೇಡಾ ಒಪ್ಪಲಿಲ್ಲ.
"ಹಕ್ಕಿ ನಿನ್ನ ಕಂಪ್ಯೂಟರಿನಲ್ಲೇ ಕೂತಿದೆಯಲ್ಲ,
ಮೊಮ್ಮಗಳ ಫ್ರಾಕಿಗೆ ಇಳಿಯಲು ಅದಕ್ಕೂ ಜಕಾತಿಯೆ?"
ಮಾತಾಡಿದ ಆರುನೂರರ ಮೇಲೆ ಒಂದು ಪೈಸೆ ಬಿಚ್ಚಲಿಲ್ಲ.

ಆಗ ಅಪ್ಪ, ಯಾರೂ ಕೇಳದೆ, ಹೇಳಿದ:
ಎಂಬತ್ತಾರನೇ ಇಸವಿ, ರಾತ್ರಿ ಪಾಳಿ.
ಸೊಲ್ಲಾಪುರದ ಯಲ್ಲಯ್ಯ ಚಿಟ್ಯಾಲ ಅನ್ನುವವ
ಟೆಂಪೋದಲ್ಲಿ ರಟ್ಟಿನ ಕಟ್ಟು ತಂದಿದ್ದ,
ಮಗ್ಗದ ನೆತ್ತಿಯ ಮೇಲೆ ಸುತ್ತುವ ರಟ್ಟು, ಸಾಲುಸಾಲು ತೂತು.
"ಏನಿದು?"
"ನವಿಲು, ಸಾಹೇಬ. ಚಾದರದ್ದು."
ಒಂದನ್ನೆತ್ತಿ ಟ್ಯೂಬಲೈಟಿಗೆ ಹಿಡಿದು ನೋಡಿದ.
ನವಿಲಿರಲಿಲ್ಲ. ಬೆಳಕಿನ ಚುಕ್ಕೆಗಳು ಮುಖದ ಮೇಲೆ ಬಿದ್ದವು.
ದರಪಟ್ಟಿಯಲ್ಲಿ ನವಿಲಿಗೆ ಜಾಗವಿಲ್ಲ, ತೂತಿಗೂ ಇಲ್ಲ.
ರದ್ದಿ ಅಂತ ಬರೆದ. ತೂಕ ಹನ್ನೊಂದು ಕಿಲೋ.
ಎರಡು ರೂಪಾಯಿ ಚಿಲ್ಲರೆ.
ಯಲ್ಲಯ್ಯ ಪಾವತಿ ಹಿಡಿದು ನಿಂತೇ ಇದ್ದ.
"ಕಮ್ಮಿ ಆತಂತ ಖುಷಿ ಆಗಬೇಕಿತ್ತವಗ.
ಅಳೂ ಮಾರಿ ಮಾಡಿದ್ದ."

ಮಷೀನು ಹಚ್ಚಿದೆ. ಕೊಕ್ಕು ಮೊದಲು.
ಸೂಜಿ ಬಿಳಿ ವಾಯಿಲನ್ನು ಚುಚ್ಚುವುದನ್ನು
ಅಪ್ಪ ಸ್ಟೂಲಿನ ಮೇಲೆ ಕೂತು ನೋಡಿದ.
ತುಟಿ ಅಲ್ಲಾಡುತ್ತಿತ್ತು; ಎಣಿಸುತ್ತಿದ್ದ.
ಇನ್ನೂರರ ಹತ್ತಿರ ತಪ್ಪಿತು. ಮತ್ತೆ ಒಂದರಿಂದ.

ನೀಲಿ ದಾರ ತುಂಡಾಗಿ ಮಷೀನು ನಿಂತಾಗ
ಬಿಲ್ಲಿನ ಮೂಲೆಗೆ ಪೆನ್ಸಿಲ್ಲಿನಲ್ಲಿ ಸಹಿ ಗೀಚಿ
ನನ್ನ ಕೈಗಿಟ್ಟ.
"ರದ್ದಿ ಅಂತ ಬರದಿಲ್ಲಲ್ಲ ಅಕಿ.
ಮಿಂಚುಳ್ಳಿ ಅಂತನ ಬರದಾಳ.
ಬಿಡು, ಗಾಡಿ ಹೋಗಲಿ."

ಕನ್ನಡಕ ಅವನದೇ ಇಸಿದುಕೊಂಡು
ಸೂಜಿಗೆ ದಾರ ಪೋಣಿಸಿದೆ.