ಮೂರು ಗೀರು

ಅಸ್ಮಾರಾದಿಂದ ನೆಫಾಸಿತ್‌ಗೆ ಇಳಿಯುವ ದಾರಿಯಲ್ಲಿ
ದೊಡ್ಡ ತಿರುವಿನ ಕೆಳಗೆ, ಬೆಲೆಸ್ ಕಳ್ಳಿಯ ಮೆಳೆಯೊಳಗೆ
ಅಂಗಾತ ಬಿದ್ದಿದೆ ಓಕ್ಬಾನ ಫಿಯೆಟ್ಟು.
ಮಂಜು ಇತ್ತಂತೆ.
ಎದುರಿನ ಲಾರಿ ದೀಪ ಹಾಕಿರಲಿಲ್ಲವಂತೆ.
ಈ ಅಂತೆಗಳಿಗೆ ಅಳತೆಯ ತಕರಾರಿಲ್ಲ,
ಯಾವ ತೂತಿಗಾದರೂ ಕೂರುತ್ತವೆ.

ನಲವತ್ತನೆಯ ದಿನದ ಪ್ರಾರ್ಥನೆ ಮುಗಿಸಿ
ಮಗಳು ಅಬ್ರೆಹೆತ್ ಬಂದಳು:
"ಗುಜರಿಯವರು ತೂಕಕ್ಕೆ ಕೇಳುತ್ತಿದ್ದಾರೆ.
ನೀವಾದರೆ ಅದನ್ನು ಓಡಿಸುತ್ತೀರಿ.
ಬಿಚ್ಚಿಕೊಳ್ಳಿ. ಕೊಡುವಷ್ಟು ಕೊಡಿ."

ನನ್ನದೂ ಅದೇ ಆರುನೂರು, ಅದೇ ಅರವತ್ತೊಂದರ ಹುಟ್ಟು.
ಎರಡಕ್ಕೂ ಬಾಗಿಲ ಕೀಲು ಹಿಂದುಗಡೆ;
ಅರವತ್ತನಾಲ್ಕರಲ್ಲಿ ಅದು ಮುಂದಕ್ಕೆ ಹೋಯಿತು,
ಆಮೇಲಿನ ಬಾಗಿಲು ಪುಕ್ಕಟೆ ಕೊಟ್ಟರೂ ನಮಗಾಗದು.
ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ.
ತಿರುಪು ಬಿಚ್ಚಿದ ಮೇಲೇ ಗೊತ್ತಾಗುವುದು
ಯಾರು ಯಾರಿಗೆ ಒಡಹುಟ್ಟು ಅಂತ.

ಹಗ್ಗ ಕಟ್ಟಿ ಇಳಿದೆವು, ನಾನೂ ಹುಡುಗ ಫನುಯೆಲನೂ.
ಮುಂಭಾಗ ಅಪ್ಪಚ್ಚಿ. ಚಾವಣಿ ಕುಸಿದು
ಸೀಟಿನ ಮೇಲೆ ಮಲಗಿತ್ತು.
ಎಡಗಡೆಯ ದೀಪ ಮಾತ್ರ, ದೇವರಿಗೇ ಗೊತ್ತು ಹೇಗೆ,
ಗೀರಿಲ್ಲದೆ ಉಳಿದು
ನಮ್ಮಿಬ್ಬರನ್ನೂ ತಲೆಕೆಳಗಾಗಿ ತೋರಿಸುತ್ತಿತ್ತು.
ಅದನ್ನು ಮೊದಲು ಬಿಚ್ಚಿದೆ,
ನೋಡಿಸಿಕೊಂಡು ಕೆಲಸ ಮಾಡಲು ಆಗಲಿಲ್ಲ.

ವೈಪರ್ ತೋಳು. ಕಿಟಕಿಯ ಹಿಡಿ ಎರಡು.
ಗೇರಿನ ಗುಂಡು, ಅವನ ಅಂಗೈ ಸವೆಸಿ
ನೆಲ್ಲಿಕಾಯಿಯಷ್ಟಾಗಿತ್ತು.
ಬ್ರೇಕಿನ ಡ್ರಮ್ಮು ಒಂದು ಸರಿ, ಒಂದು ಬಿರುಕು.
ಬೆರಳಿಗೆ ನೂರೆಂಟು ಕಳ್ಳಿಮುಳ್ಳು,
ಕಣ್ಣಿಗೆ ಕಾಣದವು, ಮುಟ್ಟಿದರೆ ಮಾತ್ರ ಇರುವವು.
ಫನುಯೆಲ್ ಹಲ್ಲಿನಿಂದ ಕಿತ್ತು ಉಗುಳುತ್ತಿದ್ದ.

ಎಂಜಿನ್ನು ಹಿಂದುಗಡೆ ಇದ್ದದ್ದಕ್ಕೆ ಬದುಕಿತ್ತು.
ಮುಚ್ಚಳ ಎತ್ತಿ, ಸೀಮೆಎಣ್ಣೆ ಬಟ್ಟೆಯಲ್ಲಿ
ಕಾರ್ಬುರೇಟರ್ ಒರೆಸಿದೆ.
ತಳದ ಅಂಚಿಗೆ ಮೂರು ಗೀರು.
ಎರಡು ಉದ್ದ, ಒಂದು ಗಿಡ್ಡ.
ಅಪ್ಪನ ಅರದ ಗುರುತು. ಅಕ್ಷರ ಬಾರದವನ ರುಜು.

ಮೂವತ್ತೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ
ನನ್ನ ಗಾಡಿಯಿಂದ ಇದು ಮಾಯವಾಗಿತ್ತು.
ಗೆಬ್ರಾಯ್ ಅಂದೆ ನಾನು. ಗ್ಯಾರೇಜಿನಲ್ಲಿ ಎಲ್ಲರೆದುರು ಅಂದೆ.
ಸಂಜೆಯೊಳಗೆ ಅವನ ಕೆಲಸ ಹೋಯಿತು.
ಪಕ್ಕದಲ್ಲೇ ಕೂತಿದ್ದ ಓಕ್ಬಾ
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ,
ಚಹಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡ.

ಫನುಯೆಲ್ ಕೇಳಿದ, "ಇದು ಕೆಟ್ಟಿದೆಯಾ?"
ಇಲ್ಲ. ಅದೇ ಕಷ್ಟ.
ಜೆಟ್ಟು ಹೊಳೆಯುತ್ತಿದೆ, ಫ್ಲೋಟಿನ ಸೂಜಿ ಹೊಸದು.
ಕದ್ದವನು ಸಾಕಿದ್ದಾನೆ
ನಾನು ಸಾಕುವುದಕ್ಕಿಂತ ಚೆನ್ನಾಗಿ.

ಅಬ್ರೆಹೆತ್‌ಗೆ ದುಡ್ಡು ಎಣಿಸಿ ಕೊಟ್ಟೆ,
ದೀಪಕ್ಕೆ ಇಷ್ಟು, ಡ್ರಮ್ಮಿಗೆ ಇಷ್ಟು,
ಕಾರ್ಬುರೇಟರಿಗೆ ಎಲ್ಲಕ್ಕಿಂತ ಹೆಚ್ಚು.
"ಅಪ್ಪ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ" ಅಂದಳು.
ಗೊತ್ತು ಅಂದೆ. ಮತ್ತೇನು ಅನ್ನಲಿ,
ಅವಳ ಮೂಗು ಅವನದೇ.

ಮೂರು ದಿನ ಬಿಟ್ಟು ಮೆದೆಬರ್‌ಗೆ ಹೋದೆ.
ಡಬ್ಬ ಬಡಿದು ಒಲೆ ಮಾಡುವವರ ಸಾಲಿನ ಕೊನೆಯಲ್ಲಿ
ಗೆಬ್ರಾಯ್ ಕೂತಿದ್ದ, ಮಂಡಿಗಳ ನಡುವೆ ತಗಡು.
ಎಂಜಿನ್ ಆರಿಸಲಿಲ್ಲ. ಇಳಿಯಲೂ ಇಲ್ಲ.
ದಾರಿಯುದ್ದ ಜೋಡಿಸಿಕೊಂಡು ಬಂದ ಮಾತು
ಒಂದೂ ಬಾಯಿಗೆ ಕೂರಲಿಲ್ಲ.

ಅವನು ಸುತ್ತಿಗೆ ಇಳಿಸಿದ.
ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೇಳಿಸಿಕೊಂಡ.
ಎದ್ದು ಹಿಂದಕ್ಕೆ ಹೋಗಿ ಮುಚ್ಚಳ ಎತ್ತಿದ.
ಬಗ್ಗಿದವನು ಬಗ್ಗಿದಂತೆಯೇ ಬಹಳ ಹೊತ್ತು.

"ಪೆಟ್ರೋಲು ಜಾಸ್ತಿ ಕುಡಿಯುತ್ತಿದೆ" ಅಂದ ಕೊನೆಗೆ.
"ಕಾಲು ಸುತ್ತು ಬಿಗಿ ಮಾಡಬೇಕು.
ತಿರುಪುಳಿ ಇದೆಯಾ, ಅದನ್ನೂ ನಾನೇ ತರಬೇಕಾ?"

ಕೊಟ್ಟೆ.
ಹೆಬ್ಬೆರಳಿನಲ್ಲಿ ಮುಳ್ಳು ಚುಳ್ಳೆಂದಿತು.