ಟ್ರಿಪ್ ಪುಸ್ತಕ

ನಮ್ಮ ಸ್ಟೇಷನ್ನಿಗೆ ಎರಡು ಊರಿನ ಹೆಸರು,
ಎರಡಕ್ಕೂ ಸೇರಿ ಪುಸ್ತಕದಂಗಡಿ ಒಂದೇ.
ಸಾವೊರ್ಡೆಯವರು ಅದು ಕುಡ್ಚಡೆಯದು ಅನ್ನುತ್ತಾರೆ,
ಕುಡ್ಚಡೆಯವರು ಅಂಕೋಲೆಯವನದು ಅನ್ನುತ್ತಾರೆ.
ಮೂವತ್ತೊಂದು ವರ್ಷ. ಬಾಡಿಗೆ ರಸೀದಿಯೊಂದೇ
ನನ್ನ ಹೆಸರನ್ನು ಸರಿಯಾಗಿ ಬರೆಯುತ್ತದೆ.

ಬೆಳಿಗ್ಗೆ ಪೊದೇರನ ಸೈಕಲ್ ಹಾರ್ನಿಗೆ ಶಟರ್ ಎತ್ತುತ್ತೇನೆ.
ಬಿಸಿ ಪಾವು ಎರಡು, ಚಹಾ ಒಂದು,
ಆಮೇಲೆ ಬಟ್ಟೆ ಹಿಡಿದು ಧೂಳು ಜಾಡಿಸುವ ಅಭ್ಯಾಸ.
ಅಭ್ಯಾಸ ಅಂದೆ. ಧೂಳು ಈಗ ಇಲ್ಲ.

ಇತ್ತು.
ಅದಿರಿನ ಲಾರಿ ಸಾಲುಗಟ್ಟಿ ಜೆಟ್ಟಿಗೆ ಇಳಿಯುತ್ತಿದ್ದ ಕಾಲಕ್ಕೆ
ಬಿಳಿ ಹಾಳೆ ಅನ್ನುವ ಮಾಲೇ ನನ್ನಲ್ಲಿರಲಿಲ್ಲ.
ನಿಘಂಟು ಕೆಂಪು, ಪಂಚಾಂಗ ಕೆಂಪು,
ಇಗರ್ಜಿಗೆಂದು ತರಿಸಿದ ಪ್ರಾರ್ಥನೆ ಪುಸ್ತಕದ ಅಂಚೂ ಕೆಂಪು,
ರಾತ್ರಿ ಮೂಗು ಒರೆಸಿದರೆ ಕರವಸ್ತ್ರ ಕುಂಕುಮದ ಭರಣಿ.
ದಿನಾ ಬೈದೆ. ಪಾಲಿಕೆಗೆ ಅರ್ಜಿ ಬರೆದೆ, ಮೂರು ಭಾಷೆಯಲ್ಲಿ,
ನನ್ನದೇ ಅಂಗಡಿಯ ಕಾಗದ ನಾನೇ ಕೊಂಡು.

ಬೈಯುತ್ತಲೇ ಟ್ರಿಪ್ ಪುಸ್ತಕ ಮಾರಿದೆ.
ಹೌದು, ನನ್ನಲ್ಲಿ ಎಲ್ಲಕ್ಕಿಂತ ಓಡಿದ್ದು ಅದೇ:
ನೂರು ಹಾಳೆ, ನಡುವೆ ಕಾರ್ಬನ್,
ಗಾಡಿ ನಂಬರು, ಟನ್ನು, ಎಲ್ಲಿಂದ, ಎಲ್ಲಿಗೆ, ಸಹಿ.
ಲೇಖಕನಿಲ್ಲ, ಮುನ್ನುಡಿಯಿಲ್ಲ, ಹಾರ ಶಾಲು ಇಲ್ಲ.
ಹೊಳೆಬಸಪ್ಪ ವಾರಕ್ಕೆ ನಾಲ್ಕು ಒಯ್ಯುತ್ತಿದ್ದ,
ಜೊತೆಗೆ ಮಗಳಿಗೊಂದು ಕಥೆಯದು.
‘ಚಿತ್ರ ಭಾಳ ಇರೂದ ಕೊಡ್ರಿ.
ಅಕ್ಷರ ನನಗ ಬರೂದಿಲ್ಲ, ಚಿತ್ರ ನೋಡಿ ನಾನ ಕಟ್ಟಿ ಹೇಳ್ತೀನಿ.’

ಗಣಿ ನಿಂತ ವಾರ, ಅಚ್ಚಿನವನಿಂದ
ಎಂಟುನೂರು ಟ್ರಿಪ್ ಪುಸ್ತಕ ಆಗಷ್ಟೇ ಇಳಿದಿದ್ದವು.
ಲಾರಿಗಳು ಗದ್ದೆಯಂಚಿಗೆ ನಿಂತವು, ಟಯರಿನ ಸಂದಿಗೆ ಹುಲ್ಲು.
ಒಂದು ಮಳೆಗಾಲ ಕಳೆಯುವುದರೊಳಗೆ
ಶೆಲ್ಫಿನ ತುಂಬ ಬೆಳ್ಳಗೆ ಮಿಂದ ಪುಸ್ತಕಗಳು,
ಮದುವಣಗಿತ್ತಿಯರ ಹಾಗೆ ಸಾಲಾಗಿ.
ನೋಡಲು ಬರುವ ಗಂಡಿನ ಕಡೆಯವರೇ ಇಲ್ಲ.

ಬರುವವರು ಬರುತ್ತಾರೆ, ಕೊಳ್ಳಲಿಕ್ಕಲ್ಲ.
ಪುಸ್ತಕ ಮಾರುವವನಿಗೆ ಎಲ್ಲ ಅಕ್ಷರವೂ ಬರುತ್ತದೆಂದು ಊರ ನಂಬಿಕೆ.
ಕಾಯ್ತಾನ್ ಅಜ್ಜನ ಕಾಲದ ಪೋರ್ಚುಗೀಸ್ ಪತ್ರ ಬಿಚ್ಚಿ
ತೆಂಗಿನಮರ ಎಷ್ಟು ಬರೆದಿದೆ ನೋಡು ಅನ್ನುತ್ತಾನೆ.
ನನಗೆ ಓದಲು ಬರುವುದು ಮೊಹರೊಂದೇ.
ಆದರೂ ಕನ್ನಡಕ ಏರಿಸುತ್ತೇನೆ. ಒಂದು ಅಂಕಿ ಕಾಣುತ್ತದೆ:
ಹದಿನೇಳು. ಮರವೋ, ತಾರೀಖೋ, ಸಾಲವೋ.
ಅವನಿಗೆ ಸಮಾಧಾನ. ತಮ್ಮ ಹದಿನಾರು ಅನ್ನುತ್ತಿದ್ದನಂತೆ.

ಜೂನ್ ನನ್ನ ಸುಗ್ಗಿಯಾಗಿತ್ತು. ಈಗ ಶಾಲೆಗಳೇ ಪಠ್ಯ ಮಾರುತ್ತವೆ,
ನನಗೆ ಉಳಿದದ್ದು ಕಂದು ಹೊದಿಕೆ, ಲೇಬಲ್ಲು,
ಯಾರೋ ಕಳೆದುಕೊಂಡ ಕಂಪಾಸಿನ ಮುಳ್ಳು.
ಟ್ರಿಪ್ ಪುಸ್ತಕವನ್ನು ಹತ್ತು ರೂಪಾಯಿಗೆ ಇಳಿಸಿದೆ.
ಮೀನಿನ ಎಸ್ಪೆರಾನ್ಸಾ ಅದರಲ್ಲಿ ಉದ್ರಿ ಬರೆಯುತ್ತಾಳೆ:
ಟನ್ನಿನ ಖಾನೆಯಲ್ಲಿ ಬಂಗಡೆ.

ಮೊನ್ನೆ ಗುರುವಾರ ಒಬ್ಬಳು ಬಂದಳು,
ಕೊರಳಲ್ಲಿ ಮಡಗಾಂವ ಆಸ್ಪತ್ರೆಯ ಕಾರ್ಡು.
ಮುಖ ನೋಡುತ್ತಲೇ ಗೊತ್ತಾಯಿತು, ಹೊಳೆಬಸಪ್ಪನ ಹುಬ್ಬು.
ಅಪ್ಪ ವೆರ್ಣದಲ್ಲಿ ವಾಚ್‌ಮನ್ ಅಂದಳು. ಒಂದು ಹಳೇ ಪುಸ್ತಕ ಬೇಕಿತ್ತು:
ಸಿಂಹ ಗ್ಯಾರೇಜು ಇಟ್ಟು,
ಇಲಿಗೆ ಗೇರ್ ಹಾಕುವುದು ಕಲಿಸಿದ್ದು.
‘ಓದಲಿಕ್ಕೆ ಬಂದ ಮ್ಯಾಲೆ ಎಲ್ಲಾ ತಿರುವಿ ನೋಡಿದೆ.
ಪುಸ್ತಕದ ಸಿಂಹ ಬರೀ ಗರ್ಜಿಸ್ತದ.’

ಇಲ್ಲವೆಂದು ಗೊತ್ತಿದ್ದೂ ಏಣಿ ಹತ್ತಿದೆ.
ಮೇಲಿನ ಶೆಲ್ಫು, ಅದರ ಹಿಂದಿನದು, ಜಿರಳೆ ತಿಂದದ್ದು.
ಆ ಪ್ರತಿ ಒಂದೇ ಇತ್ತು. ಅದೂ ಅಚ್ಚಾಗಿರಲಿಲ್ಲ.
ಇಳಿದು ಬಂದು ಟ್ರಿಪ್ ಪುಸ್ತಕವೊಂದನ್ನು ಗಲ್ಲೆಯ ಮೇಲಿಟ್ಟೆ.
‘ಅಪ್ಪನ ಹತ್ತಿರ ಕೇಳಿ ಬರೆದುಕೋ. ಕಾರ್ಬನ್ ಇದೆ,
ಎರಡನೇ ಪ್ರತಿ ನನಗೆ ಬೇಕು.’
ಹತ್ತು ರೂಪಾಯಿ ತೆಗೆದುಕೊಂಡೆ.
ಧರ್ಮಕ್ಕೆ ಕೊಟ್ಟ ಕಾಗದದಲ್ಲಿ ಯಾರೂ ಬರೆಯುವುದಿಲ್ಲ.

ಒಂದು ಗಂಟೆ. ಊರು ನಿದ್ದೆಗೆ ಹೊರಟಿತು.
ಇನ್ನು ಮುನ್ನೂರ ಹನ್ನೊಂದು ಉಳಿದಿವೆ.
ಅರ್ಧ ಇಳಿಸಿದ ಶಟರಿನ ಕೆಳಗೆ ಒಂದು ಜೊತೆ ಚಪ್ಪಲಿ ಬಂದು ನಿಂತು
ರಿಫಿಲ್ ಉಂಟಾ ಎಂದು ಕೇಳುತ್ತಿದೆ.